ಮಳೆಗಾಲದ ಹಾದಿಯಲ್ಲಿ ಹೆಜ್ಜೆ ಜಾರದಿರಲಿ

ಜೂನ್ ತಿಂಗಳ ಮೊದಲ ವಾರಗಳು. ಶಾಲೆ ಆರಂಭವಾಗಿದೆ. ಹೊಸ ಪುಸ್ತಕಗಳಿಗೆ ಬೈಂಡು ಹಾಕಿ ಮುಗಿದಿದೆ, ಹೊಸ ಕೊಡೆ ಮನೆಗೆ ಬಂದಿದೆ. ಅಷ್ಟರಲ್ಲಿ ಮಳೆ ಹಿಡಿಯುತ್ತದೆ. ಶಿರೂರಿನಿಂದ ಹಿಡಿದು ಬೈಂದೂರು, ಕುಂದಾಪುರ, ಬ್ರಹ್ಮಾವರದವರೆಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ನಡುವಿನ ಈ ಕಿರಿದಾದ ನೆಲದ ಮೇಲೆ ಆಕಾಶವೇ ಕಳಚಿ ಬಿದ್ದಂಥ ಮಳೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ.

ಹದಿನೈದು ದಿನ ಕಳೆಯುವಷ್ಟರಲ್ಲಿ ಅಂಗಳದ ಬಣ್ಣ ಬದಲಾಗುತ್ತದೆ. ಮೇ ತಿಂಗಳಲ್ಲಿ ಮಕ್ಕಳು ಲಗೋರಿ ಆಡಿದ ಅದೇ ನೆಲ ಹಸಿರು ಪೊರೆ ಹೊದ್ದು ಕನ್ನಡಿಯಂತೆ ಮಿನುಗುತ್ತದೆ. ಅಜ್ಜ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುತ್ತಾರೆ. ಹಾಲಿನ ಚೆಂಬು ಹಿಡಿದು ಕೊಟ್ಟಿಗೆಯಿಂದ ಬರುವ ಅಮ್ಮ ಒಂದೊಂದೇ ಹೆಜ್ಜೆ ಇಡುತ್ತಾಳೆ. ಮಕ್ಕಳು ಮಾತ್ರ ಓಡುತ್ತಾರೆ. ಬೀಳುತ್ತಾರೆ. ನೋಡಿದವರು ನಗುತ್ತಾರೆ. ಬಿದ್ದವರೂ ನಗುತ್ತಾ ಎದ್ದು ಲಂಗ, ಚಡ್ಡಿ ಕೊಡವಿಕೊಂಡು ಶಾಲೆಗೆ ಹೋಗುತ್ತಾರೆ.

ಆದರೆ ಎಲ್ಲ ಬೀಳುವಿಕೆಯೂ ನಗುವಿನಲ್ಲಿ ಮುಗಿಯುವುದಿಲ್ಲ. 2022ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲೂಕಿನ ಕಾಲ್ತೋಡು ಗ್ರಾಮದ ಬೀಜಮಕ್ಕಿಯಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೆಯ ತರಗತಿಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ, ತುಂಬಿ ಹರಿಯುತ್ತಿದ್ದ ಹಳ್ಳಕ್ಕೆ ಬಿದ್ದಳು. ಎರಡು ದಿನಗಳ ಹುಡುಕಾಟದ ಬಳಿಕ ಸಿಕ್ಕಿದ್ದು ಆಕೆಯ ದೇಹ. ಮರುವರ್ಷ, 2023ರ ಜುಲೈಯಲ್ಲಿ, ಕೊಲ್ಲೂರು ಸಮೀಪದ ಅರಿಶಿನಗುಂಡಿ ಜಲಪಾತದ ಬಳಿ ಬಂಡೆಯ ಮೇಲೆ ನಿಂತು ನೀರನ್ನು ನೋಡುತ್ತಿದ್ದ ಯುವಕನೊಬ್ಬ ಕಾಲು ಜಾರಿ ಕಣ್ಣೆದುರೇ ಕೊಚ್ಚಿಹೋದ. ಒಬ್ಬಳು ದಿನವೂ ನಡೆಯಲೇಬೇಕಾದ ದಾರಿಯಲ್ಲಿದ್ದಳು, ಇನ್ನೊಬ್ಬ ನೋಡಲೆಂದು ಬಂದವನು. ಇಬ್ಬರ ವಿಷಯದಲ್ಲೂ ನಡೆದದ್ದು ಒಂದೇ: ಕಾಲ ಕೆಳಗಿನ ಹಿಡಿತ ತಪ್ಪಿತು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತವನ್ನು ಬಿಟ್ಟರೆ ಎರಡನೆಯ ಸ್ಥಾನ ಬೀಳುವಿಕೆಯದು. ಹಾಗಿದ್ದೂ ರಸ್ತೆ ದಾಟುವ ಪಾಠವನ್ನು ಮಕ್ಕಳಿಗೆ ಹೇಳಿಕೊಡುವವರು ಜಾರುವ ನೆಲದಲ್ಲಿ ನಡೆಯುವ ಪಾಠವನ್ನು ಹೇಳುವುದಿಲ್ಲ. “ಜಾಗ್ರತೆ” ಎನ್ನುತ್ತಾರೆ, ಅಷ್ಟೇ. ಜಾಗ್ರತೆ ಎಂದರೆ ಏನು ಮಾಡಬೇಕು ಎಂಬುದನ್ನು ವಿವರಿಸುವವರು ಕಡಿಮೆ.

ನೆಲ ಜಾರುವುದೇಕೆ?

ಬೇಸಿಗೆಯಲ್ಲಿ ಮುರಕಲ್ಲಿನ ಕಂಪೌಂಡು ಗೋಡೆಯನ್ನೊಮ್ಮೆ ನೋಡಿ. ಕಪ್ಪಗೆ, ಮಸಿ ಬಳಿದಂತೆ ಕಾಣುತ್ತದೆ. ಅದು ಬರೀ ಕೊಳೆಯಲ್ಲ, ಒಣಗಿ ಮಲಗಿರುವ ಪಾಚಿ. ನೀಲಿ-ಹಸಿರು ಪಾಚಿಯ ಎಷ್ಟೋ ಜಾತಿಗಳು ತಿಂಗಳುಗಟ್ಟಲೆ ನೀರಿಲ್ಲದೆ ಸುಮ್ಮನಿದ್ದು, ಮಳೆ ತಾಗಿದೊಡನೆ ಮತ್ತೆ ಚಿಗುರಬಲ್ಲವು. ಈ ಸೂಕ್ಷ್ಮಜೀವಿಗಳು ತಮ್ಮ ಸುತ್ತ ಲೋಳೆಯ ಕವಚವನ್ನು ಕಟ್ಟಿಕೊಳ್ಳುತ್ತವೆ. ನೀರನ್ನು ಹಿಡಿದಿಟ್ಟುಕೊಳ್ಳುವ ಆ ಲೋಳೆಯೇ ನಮ್ಮ ಕಾಲಿಗೂ ನೆಲಕ್ಕೂ ನಡುವೆ ಎಣ್ಣೆಯಂತೆ ನಿಲ್ಲುತ್ತದೆ. ಮುರಕಲ್ಲಿನಲ್ಲಿ ತೂತುಗಳು ಹೆಚ್ಚು. ಅದು ನೀರು ಕುಡಿದು ತುಂಬ ಹೊತ್ತು ಹಸಿಯಾಗಿಯೇ ಇರುತ್ತದೆ. ಸೂರಿನ ನೀರು ಬೀಳುವ ಗೆರೆ, ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲಿನ ಸುತ್ತ, ಕೆರೆಯ ಮೆಟ್ಟಿಲು, ಬಿಸಿಲು ಬೀಳದ ಓಣಿ – ಪಾಚಿ ಮೊದಲು ಕಟ್ಟುವುದು ಇಲ್ಲೆಲ್ಲ.

ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿಲ್ಲ. ಜೋರು ಮಳೆ ಬಿದ್ದಾಗಲೇ ಹೆಚ್ಚು ಜಾರುತ್ತದೆ ಎಂದುಕೊಳ್ಳುವುದು ತಪ್ಪು. ಮಳೆ ನಿಂತು ಎಳೆಬಿಸಿಲು ಮೂಡಿದಾಗ ಪಾಚಿಯ ಮೇಲೆ ತೆಳು ತೇವ ಮಾತ್ರ ಉಳಿದಿರುತ್ತದೆ, ಜನರ ಎಚ್ಚರವೂ ಸಡಿಲಿರುತ್ತದೆ. ಹಾಗೆಯೇ ಡಾಮರು ರಸ್ತೆಯಲ್ಲಿ ಮೊದಲ ಮಳೆಯ ದಿನ ಅಪಾಯ ಹೆಚ್ಚು. ಬೇಸಿಗೆಯಿಡೀ ಕುಳಿತ ಎಣ್ಣೆಯ ಜಿಡ್ಡು ಮತ್ತು ಧೂಳು ನೀರಿನೊಂದಿಗೆ ಸೇರಿ ಅಂಟಿನಂತಾಗುತ್ತವೆ. ನಾಲ್ಕಾರು ದೊಡ್ಡ ಮಳೆ ಬಿದ್ದ ಮೇಲೆ ಅದು ತೊಳೆದುಹೋಗುತ್ತದೆ.

ಏಣಿಯ ಪಾಠ, ಪೆಂಗ್ವಿನ್ ನಡಿಗೆ

ಗೋಡೆಗೆ ಏಣಿ ಒರಗಿಸಿದಾಗ ಏನಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಸಿಕೊಳ್ಳಬೇಕು. ನೆಟ್ಟಗೆ ನಿಂತ ಏಣಿ ಜಾರುವುದಿಲ್ಲ. ಬುಡವನ್ನು ದೂರ ಎಳೆದಷ್ಟೂ ಅದು ಸರ್ರನೆ ಜಾರಲು ಕಾಯುತ್ತಿರುತ್ತದೆ. ಮನುಷ್ಯನ ಕಾಲೂ ಹಾಗೆಯೇ. ದಾಪುಗಾಲು ಹಾಕಿದರೆ ಕಾಲು ಓರೆಯಾಗಿ ನೆಲ ಮುಟ್ಟುತ್ತದೆ, ಹಿಮ್ಮಡಿ ಮೊದಲು ತಾಗುತ್ತದೆ. ಆ ಕ್ಷಣದಲ್ಲಿ ಪಾದ ಮುಂದಕ್ಕೆ ಜಾರಿದರೆ ದೇಹ ಹಿಂದಕ್ಕೆ ಬೀಳುತ್ತದೆ. ಪುಟ್ಟ ಹೆಜ್ಜೆ ಇಟ್ಟರೆ ಕಾಲು ಬಹುತೇಕ ನೆಟ್ಟಗೆ ಇಳಿಯುತ್ತದೆ. ಅದಕ್ಕೆ ಬೇಕಾಗುವ ಘರ್ಷಣೆಯೂ ಕಡಿಮೆ.

ಮಂಜುಗಡ್ಡೆ ಬೀಳುವ ದೇಶಗಳಲ್ಲಿ ಆರೋಗ್ಯ ಇಲಾಖೆಗಳು ಪ್ರತಿ ಚಳಿಗಾಲದಲ್ಲೂ ಜನರಿಗೆ ಹೇಳುವ ಮಾತು, “ಪೆಂಗ್ವಿನ್‌ನಂತೆ ನಡೆಯಿರಿ” ಎಂದು. ಪಾದಗಳನ್ನು ತುಸು ಹೊರಮುಖವಾಗಿಟ್ಟು, ಮಂಡಿಯನ್ನು ಸ್ವಲ್ಪ ಬಗ್ಗಿಸಿ, ದೇಹದ ಭಾರವನ್ನು ಮುಂದಿನ ಕಾಲಿನ ಮೇಲೆಯೇ ತಂದು, ಇಡೀ ಅಂಗಾಲನ್ನು ಒಟ್ಟಿಗೆ ನೆಲಕ್ಕೆ ಊರುತ್ತ ಸಣ್ಣ ಸಣ್ಣ ಹೆಜ್ಜೆ ಇಡುವುದು. ಕೈಗಳು ಜೇಬಿನಲ್ಲಿರಬಾರದು, ಎರಡೂ ಬದಿಗೆ ಬಿಡುವಾಗಿರಬೇಕು. ಹೊಸ ಮಾತೇನಲ್ಲ ಎನ್ನಿಸಿದರೆ ಆಶ್ಚರ್ಯವಿಲ್ಲ. ತಲೆಯ ಮೇಲೆ ಸಸಿಯ ಕಟ್ಟು ಹೊತ್ತು ಗದ್ದೆಯ ಅಂಚಿನ ಮೇಲೆ ನಡೆಯುವವರನ್ನು ಗಮನಿಸಿದರೆ ಅವರ ನಡಿಗೆಯೂ ಹೀಗೆಯೇ ಇರುತ್ತದೆ. ಮಂಡಿ ಸಡಿಲ, ಹೆಜ್ಜೆ ಗಿಡ್ಡ, ಕಣ್ಣು ಮುಂದಿನ ನಾಲ್ಕು ಮಾರಿನ ಮೇಲೆ. ಅಜ್ಜಿಯಂದಿರಿಗೆ ಗೊತ್ತಿದ್ದ ವಿದ್ಯೆಯನ್ನೇ ಹಿಮದ ನಾಡಿನ ವೈದ್ಯರು ಚಿತ್ರ ಬರೆದು ಗೋಡೆಗೆ ಅಂಟಿಸುತ್ತಿದ್ದಾರೆ.

ಕೆನಡಾಕ್ಕೋ ಜರ್ಮನಿಗೋ ಓದಲು ಹೊರಟ ಕರಾವಳಿಯ ಮಕ್ಕಳಿಗೂ ಇದು ನೆನಪಿರಲಿ. ಅಲ್ಲಿ ಕಾಲುದಾರಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕಟ್ಟುವ ‘ಕಪ್ಪು ಮಂಜು’ ನಮ್ಮ ಪಾಚಿಯ ಅಣ್ಣ. ಕೊರೆಯುವ ಚಳಿಗಿಂತಲೂ ಮಂಜು ಕರಗುವ ಹಂತದಲ್ಲಿ, ಅದರ ಮೇಲೆ ನೀರಿನ ಪದರ ನಿಂತಾಗ ಜಾರುವುದು ಹೆಚ್ಚು. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದ ಸಂಶೋಧಕರು ಬೂಟಿನ ಮೇಲೆ ಕಾಲುಚೀಲ ಹಾಕಿಕೊಂಡರೆ ಮಂಜಿನ ದಾರಿಯಲ್ಲಿ ಜಾರುವುದು ಕಡಿಮೆಯಾಗುತ್ತದೆಯೇ ಎಂದು ಪರೀಕ್ಷಿಸಿ, ಹೌದು ಎಂದು ಕಂಡುಕೊಂಡರು. ಜನರನ್ನು ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ 2010ರಲ್ಲಿ ಅವರಿಗೆ ಸಂದಿತು.

ಮನೆಯ ಅಂಗಳದಿಂದಲೇ ಶುರು

ಹಿಂದೆ ಮಳೆಗಾಲಕ್ಕೆ ಮುನ್ನ ಅಂಗಳಕ್ಕೆ ಅಡಕೆಯ ಸೋಗೆ, ತೆಂಗಿನ ಮಡಲು ಹಾಸುತ್ತಿದ್ದರು. ಮಣ್ಣು ಕೊಚ್ಚಿಹೋಗುವುದೂ ತಪ್ಪುತ್ತಿತ್ತು, ಕಾಲು ಜಾರುವುದೂ ತಪ್ಪುತ್ತಿತ್ತು. ಬಚ್ಚಲಿಗೆ, ಬಾವಿಗೆ ಹೋಗುವ ದಾರಿಯಲ್ಲಿ ಅಡಕೆ ದಬ್ಬೆ ಹಾಕುವ ರೂಢಿಯಿತ್ತು. ಈಗ ಅನೇಕ ಮನೆಗಳಲ್ಲಿ ಅಂಗಳಕ್ಕೆ ಸಿಮೆಂಟು, ಜಗಲಿಗೆ ನುಣುಪಾದ ಟೈಲ್ಸು ಬಂದಿವೆ. ನೋಡಲು ಚೆಂದ, ಒದ್ದೆಯಾದರೆ ಅಪಾಯ.

ವಾರಕ್ಕೊಮ್ಮೆ ಗಟ್ಟಿ ಹಿಡಿಕಟ್ಟಿನಿಂದ ಅಂಗಳ ಉಜ್ಜುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಬ್ಲೀಚಿಂಗ್ ಪೌಡರನ್ನು ನೀರಲ್ಲಿ ಕದಡಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ ತೊಳೆದರೆ ಪಾಚಿ ಬಿಡುತ್ತದೆ. ಆದರೆ ಅದನ್ನು ಆಸಿಡ್ ಅಥವಾ ಶೌಚಾಲಯ ತೊಳೆಯುವ ದ್ರಾವಣದೊಂದಿಗೆ ಎಂದೂ ಬೆರೆಸಬಾರದು. ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಹೊರಡುತ್ತದೆ. ತೊಳೆದ ನೀರು ಬಾವಿಗೆ ಇಳಿಯದಂತೆಯೂ ನೋಡಿಕೊಳ್ಳಬೇಕು. ಇಳಿಜಾರು ಇರುವಲ್ಲಿ ಜಲ್ಲಿಪುಡಿ ಅಥವಾ ದಪ್ಪ ಮರಳು ಚೆಲ್ಲಬಹುದು. ಮಂಜಿನ ದೇಶದಲ್ಲಿ ಬೀದಿಗೆ ಮರಳು ಚೆಲ್ಲುವುದೂ ಇದೇ ಲೆಕ್ಕಾಚಾರದಿಂದ. ಅಜ್ಜ–ಅಜ್ಜಿ ಓಡಾಡುವ ಬಚ್ಚಲಿನ ಗೋಡೆಗೆ ಒಂದು ಹಿಡಿಕೆ, ರಾತ್ರಿ ಉರಿಯುವ ಒಂದು ಸಣ್ಣ ದೀಪ – ಇವೆರಡಕ್ಕೆ ಆಗುವ ಖರ್ಚು ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯ ಮುಂದೆ ಏನೂ ಅಲ್ಲ.

ಚಪ್ಪಲಿ, ಚೀಲ, ಕೊಡೆ

ಮಕ್ಕಳ ಚಪ್ಪಲಿಯನ್ನು ತಿರುವಿ ಅಡಿಭಾಗವನ್ನು ಒಮ್ಮೆ ಬೆರಳಿನಿಂದ ಸವರಿ ನೋಡಬೇಕು. ಗೀರುಗಳು ಬೆರಳಿಗೆ ಸಿಗದಷ್ಟು ಸವೆದಿದ್ದರೆ ಅದು ಮಳೆಗಾಲಕ್ಕೆ ಯೋಗ್ಯವಲ್ಲ. ಸವೆದ ಹವಾಯಿ ಚಪ್ಪಲಿ ಒದ್ದೆ ನೆಲದಲ್ಲಿ ಜಾರುಬಂಡಿಯಾಗುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ, ಆಳವಾದ ಗೀರುಗಳಿರುವ ರಬ್ಬರ್ ಅಟ್ಟೆಯ ಸ್ಯಾಂಡಲ್ ಒಳ್ಳೆಯದು. “ಬರಿಗಾಲೇ ವಾಸಿ” ಎನ್ನುವವರಿದ್ದಾರೆ. ಬೆರಳೂರಿ ನಡೆಯಲು ಅದು ಅನುಕೂಲ ನಿಜ. ಆದರೆ ಗಾಜು, ಮುಳ್ಳಿನ ಜೊತೆಗೆ ಕರಾವಳಿಯಲ್ಲಿ ಇಲಿಜ್ವರದ ಭಯವೂ ಇದೆ. ಇಲಿಯ ಮೂತ್ರ ಬೆರೆತ ನೀರಿನಲ್ಲಿರುವ ರೋಗಾಣು ಕಾಲಿನ ಗಾಯ, ಬಿರುಕುಗಳ ಮೂಲಕ ದೇಹ ಹೊಗುತ್ತದೆ. ಗಾಯವಿದ್ದರೆ ನೀರು ತಾಗದಂತೆ ಮುಚ್ಚಬೇಕು. ಕೊಚ್ಚೆನೀರಲ್ಲಿ ನಡೆದು ಬಂದ ಕೆಲವು ದಿನಗಳಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಸ್ವಯಂವೈದ್ಯ ಬೇಡ. ವೈದ್ಯರ ಬಳಿ ಹೋಗಿ ನೀರಲ್ಲಿ ನಡೆದ ವಿಷಯವನ್ನೂ ಹೇಳಬೇಕು.

ಭಾರದ ಚೀಲ ದೇಹವನ್ನು ಹಿಂದಕ್ಕೆ ಎಳೆಯುತ್ತದೆ. ರಾಜ್ಯ ಸರಕಾರ 2019ರಲ್ಲಿ ಹೊರಡಿಸಿದ ಸುತ್ತೋಲೆಯಂತೆ ಒಂದು ಮತ್ತು ಎರಡನೆಯ ತರಗತಿಯ ಮಕ್ಕಳ ಚೀಲ ಎರಡು ಕಿಲೋ ಮೀರಬಾರದು. ಮಳೆಗಾಲದಲ್ಲಿ ಈ ಮಿತಿಗೆ ದುಪ್ಪಟ್ಟು ಬೆಲೆ. ಚೀಲ ಎರಡೂ ಹೆಗಲಿಗಿರಲಿ, ಒಂದೇ ಹೆಗಲಿಗೆ ಜೋತುಬಿಟ್ಟರೆ ತೂಕ ತಪ್ಪುತ್ತದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಊಟದ ಡಬ್ಬಿ ಹಿಡಿದರೆ ಬೀಳುವಾಗ ಹಿಡಿದುಕೊಳ್ಳಲು ಕೈಯೇ ಇರುವುದಿಲ್ಲ. ಡಬ್ಬಿ ಚೀಲದೊಳಗೆ ಹೋಗಲಿ. ಗಾಳಿ ಜೋರಿರುವಲ್ಲಿ ಕೊಡೆಗಿಂತ ರೈನ್‌ಕೋಟು ಮೇಲು. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ನಡೆಯುವ ಮಕ್ಕಳಿಗೆ ಇದು ಇನ್ನೂ ಮುಖ್ಯ. ಮುಂದಕ್ಕೆ ಬಾಗಿಸಿದ ಕೊಡೆ ಎದುರಿನ ವಾಹನವನ್ನೇ ಮರೆಮಾಡುತ್ತದೆ. ಕಾಲುದಾರಿ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಣ್ಣಿಗೆ ಕಾಣುವಂತೆ ನಡೆಯಬೇಕು. ಬಣ್ಣ ಗಾಢವಾದ ಹಳದಿಯೋ ಕೆಂಪೋ ಇದ್ದರೆ ಚಾಲಕರಿಗೆ ದೂರದಿಂದಲೇ ಕಾಣುತ್ತದೆ. ದಾರಿಯಲ್ಲಿ ವಿದ್ಯುತ್ ತಂತಿ ತುಂಡಾಗಿ ಬಿದ್ದಿದ್ದರೆ, ಅದು ನೀರಿಗೆ ತಾಗಿದ್ದರೆ, ಹತ್ತಿರ ಹೋಗದೆ ಹಿರಿಯರಿಗೆ ಹೇಳಿ 1912ಕ್ಕೆ ಕರೆ ಮಾಡಿಸಬೇಕು.

ಬಿದ್ದ ಮೇಲೆ

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದಂತೆ, ಬಿದ್ದ ಮಕ್ಕಳು ನಾಚಿಕೆಯಿಂದ ಥಟ್ಟನೆ ಎದ್ದು ಏನೂ ಆಗಿಲ್ಲ ಎನ್ನುತ್ತಾರೆ. ಮನೆಗೆ ಬಂದು ಹೇಳುವುದೂ ಇಲ್ಲ, ಬೈಗುಳದ ಭಯ. ಇದು ಸಲ್ಲದು. ಬೀಳುವುದು ಖಚಿತ ಎನಿಸಿದಾಗ ಕೈ ನೆಟ್ಟಗೆ ಚಾಚಿ ಊರಿದರೆ ಮಣಿಕಟ್ಟು ಮುರಿಯುವ ಸಂಭವ ಹೆಚ್ಚು. ಮಂಡಿ ಬಗ್ಗಿಸಿ, ಗದ್ದವನ್ನು ಎದೆಗೆ ಒತ್ತಿ, ತೊಡೆಯ ಅಥವಾ ಹೆಗಲಿನ ಬದಿಗೆ ಉರುಳುವುದು ಲೇಸು. ಕೈಯಲ್ಲಿರುವ ಸಾಮಾನು ಹೋದರೆ ಹೋಗಲಿ.

ತಲೆಗೆ ಪೆಟ್ಟು ಬಿದ್ದವರನ್ನು ಮೊದಲ ಒಂದೆರಡು ದಿನ ಕಣ್ಣಿಟ್ಟು ನೋಡಿಕೊಳ್ಳಬೇಕು. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಏರುತ್ತಲೇ ಇರುವ ತಲೆನೋವು, ತೊದಲು ಮಾತು, ಫಿಟ್ಸ್, ಕಿವಿ–ಮೂಗಿನಿಂದ ರಕ್ತ ಅಥವಾ ನೀರು – ಇವುಗಳಲ್ಲಿ ಯಾವುದೇ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಬಿದ್ದು ತಲೆಗೆ ತಾಗಿದರೆ ಲಕ್ಷಣಗಳಿಗೆ ಕಾಯುವಂತಿಲ್ಲ. ಬಿದ್ದ ಅಜ್ಜಿಗೆ ಎದ್ದು ನಿಲ್ಲಲಾಗದೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಸೊಂಟದ ಬಳಿ ಮೂಳೆ ಮುರಿದಿರಬಹುದು. ಎಣ್ಣೆ ಹಚ್ಚಿ ತಿಕ್ಕುವುದು, ಎಳೆದು ಸರಿಮಾಡುವುದು ಕೂಡದು. ಅಲುಗಿಸದೆ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಹರಿಯುವ ನೀರಿನ ಮುಂದೆ

ಇಷ್ಟೆಲ್ಲ ಉಪಾಯಗಳು ನೆಲಕ್ಕೆ ಸಲ್ಲುತ್ತವೆ. ಹರಿಯುವ ನೀರಿಗೆ ಬೇರೆಯೇ ನ್ಯಾಯ. ಸೌಪರ್ಣಿಕಾ, ಚಕ್ರಾ, ವಾರಾಹಿ, ಸೀತಾ, ಸ್ವರ್ಣಾ – ಇವುಗಳಿಗೆ ಬಂದು ಸೇರುವ ಹಳ್ಳ–ತೋಡುಗಳು ಲೆಕ್ಕವಿಲ್ಲದಷ್ಟು. ಘಟ್ಟದ ಮೇಲೆ ಸುರಿದ ಮಳೆ ಸ್ವಲ್ಪ ಹೊತ್ತಿನಲ್ಲೇ ಕೆಳಗಿನ ತೋಡನ್ನು ತುಂಬಿಸುತ್ತದೆ. ಊರಿನಲ್ಲಿ ಬಿಸಿಲಿದ್ದರೂ ನೀರು ಏರಬಹುದು. ಬೆಳಿಗ್ಗೆ ಮೊಣಕಾಲಿಗಿಂತ ಕೆಳಗಿದ್ದ ತೋಡು ಸಂಜೆ ಶಾಲೆ ಬಿಡುವಾಗ ದಡ ಮೀರಿರಬಹುದು. ನಾವುಂದದ ಸಾಲ್ಬುಡದಂಥ ತಗ್ಗು ಊರುಗಳಲ್ಲಿ ದೊಡ್ಡ ಮಳೆಗೆ ನದಿಯ ನೀರು ಮನೆ ಬಾಗಿಲಿಗೇ ಬರುತ್ತದೆ. ದಾರಿ ಯಾವುದು, ಗದ್ದೆ ಯಾವುದು, ಬಾವಿ ಎಲ್ಲಿ ಎಂಬುದೇ ತಿಳಿಯದು.

ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ರಭಸದಿಂದ ಹರಿಯುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರನ್ನೇ ಕೆಡವಬಲ್ಲದು. ಎರಡು ಅಡಿ ಇದ್ದರೆ ಕಾರನ್ನೂ ಒಯ್ಯಬಲ್ಲದು. ಏಳು ವರ್ಷದ ಮಗುವಿನ ಪಾಡೇನು? ಈಜು ಬರುತ್ತದೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ಕಾಲುಸಂಕವೆಂದರೆ ಹೆಚ್ಚಿನ ಕಡೆ ಎರಡು ಮೂರು ಅಡಕೆಯ ಅಥವಾ ತೆಂಗಿನ ಮರಗಳನ್ನು ಜೋಡಿಸಿ ಕಟ್ಟಿದ ದಾಟು. ಒಂದು ಬದಿಗೆ ಬಿದಿರಿನ ಹಿಡಿಕೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಉರುಟಾದ ಆ ಮರದ ಮೇಲೆ ಪಾಚಿ ಬೆಳೆಯುತ್ತದೆ, ಒಳಗೆ ಕುಂಬಾಗುತ್ತದೆ. ಅದನ್ನು ಬಳಸಲೇಬೇಕಾದ ಮನೆಯವರು ಮಳೆಗೆ ಮೊದಲೇ ಹಳೆಯ ಮರ ಬದಲಿಸಿ, ಎರಡೂ ಬದಿಗೆ ಹಿಡಿಕೆ ಕಟ್ಟಬೇಕು. ಒಬ್ಬರ ಹಿಂದೆ ಒಬ್ಬರು, ಒಮ್ಮೆಗೆ ಒಬ್ಬರೇ ದಾಟಬೇಕು. ಕೊಡೆ ಮಡಚಿರಬೇಕು. ಚಿಕ್ಕ ಮಕ್ಕಳನ್ನು ದೊಡ್ಡವರೇ ದಾಟಿಸಬೇಕು, ಅಕ್ಕನ ಕೈಯಲ್ಲಿ ತಮ್ಮನನ್ನು ಒಪ್ಪಿಸಿ ನಿಶ್ಚಿಂತರಾಗುವಂತಿಲ್ಲ. ದಾಟಿನ ಪಕ್ಕದ ಕಲ್ಲಿಗೋ ಮರಕ್ಕೋ ಒಂದು ಗುರುತು ಮಾಡಿ, ನೀರು ಅದನ್ನು ಮುಟ್ಟಿದರೆ ಅಂದು ದಾಟುವುದಿಲ್ಲ ಎಂಬ ಕಟ್ಟು ಮನೆಯಲ್ಲಿರಬೇಕು.

ಮಕ್ಕಳಿಗೆ ಹೇಳಿಕೊಡಬೇಕಾದ ಎಲ್ಲಕ್ಕಿಂತ ದೊಡ್ಡ ಪಾಠ ಇಲ್ಲಿದೆ. ಅದು ದಾಟುವ ಪಾಠವಲ್ಲ, ಹಿಂದಿರುಗುವ ಪಾಠ. ತುಂಬಿದ ತೋಡಿನ ಮುಂದೆ ನಿಂತ ಮಗುವಿನ ಮನಸ್ಸಿನಲ್ಲಿ ಏನೇನಿರುತ್ತದೆ? ತಡವಾದರೆ ಮೇಷ್ಟ್ರು ಬೈಯುತ್ತಾರೆ, ಹಾಜರಿ ಹೋಗುತ್ತದೆ, ಇಂದು ಕಿರುಪರೀಕ್ಷೆ ಇದೆ, ಸಂಜೆ ಮನೆಗೆ ಹೋಗದಿದ್ದರೆ ಅಮ್ಮ ಗಾಬರಿಯಾಗುತ್ತಾಳೆ. ಈ ಭಯಗಳೇ ಮಗುವನ್ನು ಮುಂದಕ್ಕೆ ನೂಕುತ್ತವೆ. ನೀರಿನ ಭಯಕ್ಕಿಂತ ಬೈಗುಳದ ಭಯ ದೊಡ್ಡದಾಗದಂತೆ ನೋಡಿಕೊಳ್ಳುವುದು ಹೆತ್ತವರ ಮತ್ತು ಶಿಕ್ಷಕರ ಹೊಣೆ. “ನೀರು ಹೆಚ್ಚಿದ್ದರೆ ವಾಪಸು ಬಾ, ಯಾರೂ ಏನೂ ಅನ್ನುವುದಿಲ್ಲ” ಎಂಬ ಮಾತನ್ನು ಮನೆಯಲ್ಲೂ ಶಾಲೆಯಲ್ಲೂ ಜೂನ್ ಮೊದಲ ವಾರವೇ ಬಾಯಿಬಿಟ್ಟು ಹೇಳಬೇಕು. ಹೇಳಿದಂತೆ ನಡೆದುಕೊಳ್ಳಲೂ ಬೇಕು. ಸಂಜೆ ದಾಟಲಾಗದಿದ್ದರೆ ಮಗು ಉಳಿಯಬೇಕಾದ ಮನೆ ಯಾವುದು ಎಂಬುದನ್ನು, ಶಾಲೆಯ ಬದಿಯ ದಡದಲ್ಲಿರುವ ನೆಂಟರೋ ಪರಿಚಿತರೋ ಯಾರೆಂದು, ಮೊದಲೇ ಗೊತ್ತುಮಾಡಿ ಮಗುವಿಗೂ ಶಿಕ್ಷಕರಿಗೂ ತಿಳಿಸಿಡಬೇಕು.

ಭಾರೀ ಮಳೆಯ ದಿನ ಜಿಲ್ಲಾಡಳಿತ ರಜೆ ಸಾರುವುದುಂಟು. ಆದರೆ ಇಡೀ ತಾಲೂಕಿಗೆ ರಜೆ ಇಲ್ಲದ ದಿನವೂ ಒಂದು ಮನೆಯ ಮುಂದಿನ ತೋಡು ತುಂಬಿರಬಹುದು. ಅದನ್ನು ನೋಡಬಲ್ಲವರು ಆ ಮನೆಯವರು ಮಾತ್ರ. ಅಪಾಯ ಎದುರಾದರೆ 112ಕ್ಕೆ ಅಥವಾ ಜಿಲ್ಲಾ ವಿಪತ್ತು ನಿರ್ವಹಣೆಯ 1077ಕ್ಕೆ ಕರೆ ಮಾಡಬಹುದು.

ಸಂಕ ಸೇತುವೆಯಾಗಲಿ

ಹಾಗೆಂದು ಎಲ್ಲ ಹೊಣೆಯನ್ನೂ ಮಗುವಿನ ಪುಟ್ಟ ಕಾಲುಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಎಷ್ಟೇ ಎಚ್ಚರದಿಂದ ನಡೆದರೂ ಹಿಡಿಕೆಯಿಲ್ಲದ ಕೊಳೆತ ಮರ ಸೇತುವೆಯಾಗುವುದಿಲ್ಲ. ಮಲೆನಾಡು–ಕರಾವಳಿಯ ಶಾಲಾ ಮಕ್ಕಳಿಗೆ ಕಾಲುಸೇತುವೆ ಕಟ್ಟಲೆಂದು ರಾಜ್ಯ ಸರಕಾರ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆಯನ್ನೇ ರೂಪಿಸಿತು. ತಮ್ಮ ಊರಿನ ಸಂಕ ಪಟ್ಟಿಯಲ್ಲಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳುವುದು, ಇಲ್ಲದಿದ್ದರೆ ಎಷ್ಟು ಮಕ್ಕಳು ದಿನವೂ ದಾಟುತ್ತಾರೆ ಎಂಬ ಲೆಕ್ಕದೊಂದಿಗೆ ಲಿಖಿತ ಮನವಿ ಕೊಡುವುದು ಹೆತ್ತವರಿಂದ ಆಗಬೇಕಾದ ಕೆಲಸ. ಪ್ರೌಢಶಾಲೆಯ ಮಕ್ಕಳು ಇಂಥ ಲೆಕ್ಕವನ್ನು ತಾವೇ ಬರೆದು ಕೊಡಬಲ್ಲರು.

ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ಉದಾಹರಣೆ ದೂರವಿಲ್ಲ. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಕಾಲ್ನಡಿಗೆಯ ತೂಗುಸೇತುವೆ ಕಟ್ಟಿದರು. ಅಲ್ಲಿಂದ ಮುಂದೆ ಅವರು ಕಟ್ಟಿದ ಸೇತುವೆಗಳ ಸಂಖ್ಯೆ ನೂರು ದಾಟಿತು. 2017ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂತು. ದೋಣಿಗೂ ಸಂಕಕ್ಕೂ ಕಾಯುತ್ತಿದ್ದ ಎಷ್ಟೋ ಹಳ್ಳಿಗಳ ಮಕ್ಕಳು ಆ ಸೇತುವೆಗಳ ಮೇಲೆ ಶಾಲೆಗೆ ಹೋದರು.

ಸೇತುವೆ ಬರುವವರೆಗೆ ಮಳೆ ಕಾಯುವುದಿಲ್ಲ. ನಾಳೆ ಬೆಳಿಗ್ಗೆಯೂ ಕೊಡೆ ಬಿಚ್ಚಿ ಮಕ್ಕಳು ಅಂಗಳಕ್ಕೆ ಇಳಿಯುತ್ತಾರೆ. “ಬೇಗ ಹೋಗು, ಗಂಟೆ ಆಯಿತು” ಎನ್ನುವ ರೂಢಿ ನಾಲಿಗೆಗೆ. ಈ ನಾಲ್ಕು ತಿಂಗಳ ಮಟ್ಟಿಗಾದರೂ ಅದನ್ನು ಬದಲಿಸಿ, ಹತ್ತು ನಿಮಿಷ ಮೊದಲು ಹೊರಡಿಸಿ, “ನಿಧಾನ ಹೋಗು, ನೀರಿದ್ದರೆ ವಾಪಸು ಬಾ” ಎಂದರೆ ಸಾಕು. ಶಾಲೆಯ ಗಂಟೆ ನಾಳೆಯೂ ಬಾರಿಸುತ್ತದೆ. ಅದನ್ನು ಕೇಳಲು ಮಗು ಇರಬೇಕು.